ಬಾವಿಯಣ್ಣನ ಕೂಗು

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಸಿದ್ಧಕಟ್ಟೆಯ ಹತ್ತಿರದ ಒಂದು ಶಾಲೆಯಲ್ಲಿ ಗೌರವ ಶಿಕ್ಷಕಿಯಾಗಿದ್ದೆ. ಬಿ.ಎಡ್. ಸೀಟು ಸಿಕ್ಕಿರಲಿಲ್ಲ, ಮದುವೆ ನಿಶ್ಚಯವಾಗಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಹೋಗಿ ಬಾ ಎಂದು ಅಮ್ಮ ಕಳಿಸಿದ್ದರು. ಐದರಿಂದ ಏಳನೆಯ ತರಗತಿಯವರೆಗೆ ಕನ್ನಡ ಮತ್ತು ಸಮಾಜ ಕಲಿಸುತ್ತಿದ್ದೆ. ನಾನು ಬೆತ್ತ ಹಿಡಿಯುತ್ತಿರಲಿಲ್ಲ. ಉಳಿದ ಶಿಕ್ಷಕರು ಹೊಡೆಯುತ್ತಿದ್ದರು. ‘ಹೊಡೆಯದ ಟೀಚರ್’ ಎಂದು ಮಕ್ಕಳು ಮನೆಯಲ್ಲಿ ಹೇಳುವುದು ನನ್ನ ಕಿವಿಗೂ ಬಿದ್ದಿತ್ತು, ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ನನ್ನ ಅಣ್ಣನಿಗೆ ಮೂಡುಬಿದಿರೆಯಲ್ಲಿ ಒಂದು ವಿಡಿಯೊ ಸ್ಟುಡಿಯೊ ಇತ್ತು. ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ. ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೊ ಮಾಡಿ ಮಾಡಿ ಅವನಿಗೆ ಬೇಸರ ಬಂದಿತ್ತು. “ಎಷ್ಟು ವರ್ಷ ಅಂತ ಮಂದಿ ಊಟ ಮಾಡುದನ್ನು ತೆಗೆಯುದು ಮಾರಾಯ್ತಿ?” ಎಂದು ನನ್ನಲ್ಲಿ ಹೇಳುತ್ತಿದ್ದ. ಅವನಿಗೊಬ್ಬ ಗೆಳೆಯ, ಮೆಲ್ಕಾರಿನವನು. ಬ್ಯಾರಿ ಮುಸ್ಲಿಮರು. ಇವನ ಇಬ್ಬರು ಅಣ್ಣಂದಿರು ಗಲ್ಫಿನಲ್ಲಿದ್ದರು, ಇವನು ಊರಿನಲ್ಲಿ ಫ್ಯಾನ್ಸಿ ಅಂಗಡಿ ನೋಡಿಕೊಳ್ಳುತ್ತಿದ್ದ. ಅಣ್ಣಂದಿರು ಅಂಗೈಯಷ್ಟಗಲದ ಹೊಸ ಕ್ಯಾಮರಾ ಒಂದನ್ನು ಕಳಿಸಿದ್ದರು. ಮಕ್ಕಳ ಹುಟ್ಟುಹಬ್ಬ ತೆಗೆಯಲಿ ಎಂದು ಕಳಿಸಿದ ಆ ಕ್ಯಾಮರಾ ಅಣ್ಣನ ಸ್ಟುಡಿಯೊಗೆ ಬಂದು ಕೂತಿತು.

ಮೆಲ್ಕಾರಿನವನ ಅಂಗಡಿಯಲ್ಲಿ ಬಾಡಿಗೆ ಸೀಡಿಗಳೂ ಇದ್ದವು. ಅದರಲ್ಲಿದ್ದ ಒಂದು ಇಂಗ್ಲಿಷ್ ಸಿನಿಮಾವನ್ನು ನಾವು ಮೂವರೂ ನಾಲ್ಕೈದು ಸಲ ನೋಡಿದ್ದೆವು. ಊರು ನೋಡಲು ಬಂದ ಪ್ರವಾಸಿಗರು ಜೌಗು ನೆಲದಲ್ಲಿ ಸಿಕ್ಕಿಬೀಳುತ್ತಾರೆ, ಕೆಸರಿನಿಂದ ಒಬ್ಬ ಎದ್ದು ಬಂದು ಒಬ್ಬೊಬ್ಬರನ್ನೇ ಕಡಿಯುತ್ತಾನೆ. ಕಡಿಯುವುದು ಹೆದರಿಸಲಿಕ್ಕಲ್ಲ, ನಗಿಸಲಿಕ್ಕೆ. ತಲೆಯೊಂದು ಹಾರಿ ಇನ್ನೊಬ್ಬನ ಮಡಿಲಿಗೆ ಬಿದ್ದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಸೀಡಿ ನಿಲ್ಲಿಸಿ ಅಣ್ಣ ಹೇಳಿದ, “ಇದನ್ನು ನಾವೇ ಮಾಡುವ. ನಮ್ಮಲ್ಲಿ ಕೆಸರಿಗೆ ಎಂಥ ಬರಗಾಲ?”

ಕಥೆ ಒಂದೇ ಸಂಜೆಯಲ್ಲಿ ಆಯಿತು. ಬಸದಿಗಳನ್ನು ನೋಡಲು ಬೆಂಗಳೂರಿನಿಂದ ಬಂದ ನಾಲ್ಕು ಮಂದಿ ಮೂಡುಬಿದಿರೆಯಿಂದ ವೇಣೂರಿಗೆ ಹೊರಟವರು ಅಡ್ಡದಾರಿ ಹಿಡಿಯುತ್ತಾರೆ. ಜೀಪು ಕೆಸರುಗದ್ದೆಯಲ್ಲಿ ಹೂತುಹೋಗುತ್ತದೆ. ಕೆಸರಿನೊಳಗಿನಿಂದ ಕತ್ತಿ ಹಿಡಿದ ಒಬ್ಬ ಬರುತ್ತಾನೆ. ಅವನನ್ನು ಭೂತ ಎಂದು ಕರೆಯುವುದು ಬೇಡ, ಭೂತವೆಂದರೆ ಇಲ್ಲಿ ಪೂಜಿಸುವ ದೈವ, ಊರಿನವರು ನಮ್ಮನ್ನು ಬಿಡಲಿಕ್ಕಿಲ್ಲ ಎಂದು ಮೆಲ್ಕಾರಿನವ ಎಚ್ಚರಿಸಿದ. ಹಾಗಾಗಿ ‘ಕೆಸರಿನೊಳಗೊಬ್ಬ’ ಎಂದು ಹೆಸರಿಟ್ಟೆವು. ಮೆಲ್ಕಾರಿನವ ಟೂರಿಸ್ಟ್ ಗೈಡ್. ಅಣ್ಣನ ಪರಿಚಯದ ಮೂವರು ಇನ್ನುಳಿದ ಪ್ರವಾಸಿಗರು. ಕೊನೆಗೆ ಬದುಕಿ ಉಳಿಯುವ ಹುಡುಗಿ ನಾನು. ನಮ್ಮ ಬಾಯಿಯಲ್ಲಿ ‘ಮಾಡ್ತೀನಿ, ಹೋಗ್ತೀನಿ’ ಎಂಬ ಬೆಂಗಳೂರು ಕನ್ನಡ ಬಂದ ಕೂಡಲೇ ನಮಗೇ ನಗು ತಡೆಯಲಾಗುತ್ತಿರಲಿಲ್ಲ.

ಜಾಗ ಸಿಕ್ಕಿದ್ದು ಅಳದಂಗಡಿಯ ಕಡೆ. ಹಳೆಯ ಜೈನ ಮನೆತನವೊಂದರ ಗದ್ದೆ, ಹೊಳೆಯ ಪಕ್ಕ ತಗ್ಗಿನಲ್ಲಿ, ವರ್ಷವಿಡೀ ನೀರು ಬತ್ತದೆ ಬೇಸಾಯ ಬಿಟ್ಟುಹೋಗಿದ್ದದ್ದು. ಸುತ್ತ ಕೇದಗೆಯ ಪೊದೆ. ಒಪ್ಪಿಗೆ ಕೇಳಲು ಹೋದಾಗ ಮನೆಯ ಯಜಮಾನರು ಜಗಲಿಯಲ್ಲಿ ಕೂತು ಅಣ್ಣನ ಮಾತನ್ನೆಲ್ಲ ಕೇಳಿ, “ಕೊಲ್ಲುವುದು ಗಿಲ್ಲುವುದು ಎಂಥದಾದರೂ ಉಂಟಾ ಇದರಲ್ಲಿ?” ಎಂದರು.

“ಇಲ್ಲ ಧಣಿಗಳೇ, ಇದು ತಮಾಷೆಯದ್ದು,” ಎಂದ ಅಣ್ಣ.

“ಹಾಗಾದರೆ ಆಯ್ತು. ಆದರೆ ಕೆಸರು ಗೊತ್ತಿದ್ದವರೊಬ್ಬರು ನಿಮ್ಮೊಟ್ಟಿಗೆ ಇರಲಿ. ಅಲ್ಲಿ ಸೊಂಟದವರೆಗೆ ಹೂತರೆ ಎಳೆಯುವವರು ಇಲ್ಲ.”

ಕೆಸರು ಗೊತ್ತಿದ್ದವರು ಎಂದ ಕೂಡಲೇ ನನಗೆ ನೆನಪಾದದ್ದು ಬಾವಿಯಣ್ಣ.

ಬಾವಿಯಣ್ಣ ಎಂದು ಅವರನ್ನು ಊರೆಲ್ಲ ಕರೆಯುತ್ತಿತ್ತು. ಬೇಸಿಗೆಯಲ್ಲಿ ಬಾವಿಗಳಿಗೆ ಇಳಿದು ಹೂಳು ತೆಗೆಯುವುದು ಅವರ ಕೆಲಸ. ಬಿದ್ದ ಕೊಡಪಾನ, ಪಂಪಿನ ಪೈಪು ತೆಗೆಯಲಿಕ್ಕೂ ಅವರೇ ಬೇಕು. ನಲುವತ್ತರ ಆಸುಪಾಸಿನ ಗಟ್ಟಿ ಆಳು. ಚಿಕ್ಕಂದಿನಲ್ಲಿ ಗರ್ನಾಲು ಪಟಾಕಿ ತಯಾರಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ ಮದ್ದು ಹೊತ್ತಿಕೊಂಡು ಮುಖದ ಎಡಭಾಗ ಸುಟ್ಟುಹೋಗಿತ್ತು. ಕೆನ್ನೆ, ಕಿವಿ, ಕುತ್ತಿಗೆಯ ಚರ್ಮವೆಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದ ಹಾಗಿತ್ತು. ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಬಸ್ಸಿನಲ್ಲಿ ಅವರು ಯಾವಾಗಲೂ ಎಡಗಡೆಯ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದರು, ಹೆಗಲ ಬೈರಾಸನ್ನು ತಲೆಗೆ ಹಾಕಿಕೊಂಡು. ಅವರ ಮಗಳು ನನ್ನ ಆರನೆಯ ತರಗತಿಯಲ್ಲಿದ್ದಳು. ಮುಂದಿನ ಬೆಂಚು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಮುತ್ತಿನಂಥ ಅಕ್ಷರ.

ಅಣ್ಣನಿಗೆ ನಾನು ಬಾವಿಯಣ್ಣನ ಬಗ್ಗೆ ಹೇಳಿದ್ದು ಕೆಸರಿನಿಂದ ನಮ್ಮನ್ನು ಎಳೆಯಲಿಕ್ಕೆ. ಅಣ್ಣ ಅವರನ್ನು ಪೇಟೆಯಲ್ಲಿ ದೂರದಿಂದ ನೋಡಿ ಬಂದವನೇ, “ಎಳೆಯಲಿಕ್ಕೆ ಯಾಕೆ? ಇವರೇ ಆಗ್ಲಿ ಕೆಸರಿನೊಳಗಿನವ. ಮೇಕಪ್ಪೇ ಬೇಡ,” ಎಂದ. ಮೆಲ್ಕಾರಿನವ ನಕ್ಕ. ನಾನೂ ನಕ್ಕೆ.

ಕೇಳಲು ನನ್ನನ್ನೇ ಕಳಿಸಿದರು. ಮಗಳ ಟೀಚರ್ ಕೇಳಿದರೆ ಇಲ್ಲ ಎನ್ನಲಿಕ್ಕಿಲ್ಲ ಎಂಬುದು ಅಣ್ಣನ ಲೆಕ್ಕ. ಶಾಲೆ ಬಿಟ್ಟ ಮೇಲೆ ಹುಡುಗಿಯ ಜೊತೆಯಲ್ಲೇ ಅವರ ಮನೆಗೆ ನಡೆದೆ. ಬಾವಿಯಣ್ಣ ಅಂಗಳದಲ್ಲಿ ಹಗ್ಗ ಒಣಗಿಸುತ್ತಿದ್ದವರು ನನ್ನನ್ನು ಕಂಡು ಹೆದರಿ, “ಇವಳು ಎಂಥದಾದರೂ ಮಾಡಿದಳಾ ಟೀಚರ್?” ಎಂದರು.

“ಇಲ್ಲಪ್ಪ. ನಾವೊಂದು ಸಿನಿಮಾ ಮಾಡ್ತಾ ಇದ್ದೇವೆ. ಅದರಲ್ಲಿ ನೀವು ಪಾರ್ಟ್ ಮಾಡ್ಬೇಕು.”

“ನಾನಾ?” ಅವರ ಕೈ ತನ್ನಷ್ಟಕ್ಕೆ ಎಡಗೆನ್ನೆಗೆ ಹೋಯಿತು. “ಈ ಮೋರೆ ಇಟ್ಟುಕೊಂಡಾ?”

“ನಿಮ್ಮದೇ ಮುಖ್ಯ ಪಾರ್ಟ್. ನೀವಿಲ್ಲದಿದ್ದರೆ ಸಿನಿಮಾವೇ ಇಲ್ಲ.” ಇದು ಸುಳ್ಳಲ್ಲ.

ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಬೇಡ, ಮಂದಿ ನಗ್ತಾರೆ,” ಎಂದರು. ಬಾವಿಯಣ್ಣ ಮಗಳ ಕಡೆ ನೋಡಿದರು. ಮಗಳ ಮುಖ ಅರಳಿಹೋಗಿತ್ತು. “ಟೀಚರ್ ಹೇಳಿದ ಮೇಲೆ ಆಯ್ತು,” ಎಂದುಬಿಟ್ಟರು. ಹೊರಡುವಾಗ ಹುಡುಗಿ ಗೇಟಿನವರೆಗೆ ಓಡಿ ಬಂದು ನನ್ನ ಕೈಗೆ ಒಂದು ದಾಸವಾಳ ಕೊಟ್ಟಳು.

ಆ ಡಿಸೆಂಬರಿನ ರಜೆಯಲ್ಲಿ ಆರೇಳು ದಿನ ಶೂಟಿಂಗ್ ನಡೆಯಿತು. ಅಷ್ಟು ನಕ್ಕ ದಿನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ. ಬೀಟ್‌ರೂಟ್ ರಸಕ್ಕೆ ಬೆಲ್ಲದ ಪಾಕ ಬೆರೆಸಿ ರಕ್ತ ಮಾಡಿದ್ದೆವು, ಸತ್ತವರ ಮೇಲೆಲ್ಲ ನೊಣ ಮುತ್ತಿ, ಸತ್ತವರು ಎದ್ದು ಕೈ ಬೀಸುತ್ತಿದ್ದರು. ಕಡಿದು ಬೀಳುವ ಕೈಗೆ ಬಟ್ಟೆ ಅಂಗಡಿಯ ಗೊಂಬೆಯ ಕೈ. ತಲೆಗೆ ಮೀಸೆ ಬರೆದ ಸಿಹಿಗುಂಬಳ, ನಮ್ಮ ಚೀನಿಕಾಯಿ. ಗೈಡ್ ಸಾಯುವ ದೃಶ್ಯದಲ್ಲಿ ಮೆಲ್ಕಾರಿನವ, “ಇಲ್ಲಿ ನಿಮ್ಮ ಎಡಗಡೆಗೆ ನನ್ನ ಕಾಲು ಕಾಣಬಹುದು,” ಎಂದು ವಿವರಿಸುತ್ತಲೇ ಮುಳುಗಿದ.

ಬಾವಿಯಣ್ಣ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕೋಲಿನಿಂದ ಕೆಸರನ್ನು ಚುಚ್ಚಿ ಚುಚ್ಚಿ ನೋಡಿ, “ಇಲ್ಲಿ ಕಾಲಿಡಿ, ಅಲ್ಲಿ ಬೇಡ,” ಎಂದು ಗುರುತು ನೆಡುತ್ತಿದ್ದರು. ಆಮೇಲೆ ಮೂಗಿನವರೆಗೆ ಕೆಸರಿನಲ್ಲಿ ಅಡಗಿ ಕೂರುತ್ತಿದ್ದರು. ನಮ್ಮ ಒಂದು ಮಾತು ತಪ್ಪಿದರೂ ಅವರು ಮತ್ತೆ ಮುಳುಗಬೇಕು. ಅಣ್ಣ ಬೇಕೆಂದೇ ತಡ ಮಾಡುತ್ತಿದ್ದ. “ಇನ್ನೊಂದು ಸಲ, ಬಾವಿಯಣ್ಣ,” ಎಂದು ಕೂಗಿ ನಮ್ಮ ಕಡೆ ಕಣ್ಣು ಮಿಟುಕಿಸುತ್ತಿದ್ದ. ಒಮ್ಮೆ ಅವರನ್ನು ಒಳಗೇ ಕೂರಿಸಿ ನಾವು ಚಾ ಕುಡಿದು ಮುಗಿಸಿದೆವು. ಮೇಲೆ ಬಂದಾಗ ಕಾಲಿಗೆ, ಸೊಂಟಕ್ಕೆ ಜಿಗಣೆಗಳು ಕಚ್ಚಿಕೊಂಡಿದ್ದವು. ಅವರು ಒಂದೊಂದನ್ನೇ ಉಪ್ಪು ಹಾಕಿ ಬಿಡಿಸುತ್ತ, “ಇವಕ್ಕೂ ಪಾರ್ಟ್ ಬೇಕಂತೆ,” ಎಂದರು. ನನ್ನ ಕಾಲು ಮೊಣಕಾಲಿನವರೆಗೆ ಹೂತಾಗ ನನ್ನನ್ನು ಎತ್ತಿ ಬದುವಿನ ಮೇಲೆ ಕೂರಿಸಿ, ಕೆಸರಿನೊಳಗೆ ಕೈಹಾಕಿ ನನ್ನ ಚಪ್ಪಲಿ ಹುಡುಕಿ ತಂದು, ತೊಳೆದು ಕೊಟ್ಟವರೂ ಅವರೇ.

ಕೊನೆಯ ದೃಶ್ಯ ಉಳಿದಿತ್ತು. ಕೆಸರಿನವನನ್ನು ಹುಡುಗಿ ಹೇಗೆ ಸೋಲಿಸುತ್ತಾಳೆ ಎಂಬುದು ಅಣ್ಣನಿಗೆ ಹೊಳೆದಿರಲಿಲ್ಲ. ಹೊಳೆಯಿಸಿದವಳು ನಾನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ನನ್ನ ಅಪ್ಪ’ ಎಂಬ ಪ್ರಬಂಧ ಕೊಟ್ಟಿದ್ದೆ. ಬಾವಿಯಣ್ಣನ ಮಗಳು ಹೀಗೆ ಬರೆದಿದ್ದಳು: ನನ್ನ ಅಪ್ಪನಿಗೆ ಎಷ್ಟು ಆಳದ ಬಾವಿಯಾದರೂ ಹೆದರಿಕೆ ಇಲ್ಲ, ಬೆಂಕಿ ಎಂದರೆ ಮಾತ್ರ ತುಂಬಾ ಹೆದರಿಕೆ, ಒಲೆಯ ಹತ್ತಿರ ಬರುವುದಿಲ್ಲ, ದೀಪಕ್ಕೆ ಕಡ್ಡಿ ಗೀರುವಾಗ ಹೊರಗೆ ಹೋಗಿ ನಿಲ್ಲುತ್ತಾರೆ, ಇದನ್ನು ಯಾರಲ್ಲಿಯೂ ಹೇಳಬಾರದು ಎಂದಿದ್ದಾರೆ. ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದಿದ್ದೆ. ಈಗ ಗದ್ದೆಯ ಬದುವಿನಲ್ಲಿ ಕೂತು ಅವಲಕ್ಕಿ ತಿನ್ನುತ್ತ ಅದನ್ನು ಅಣ್ಣನಿಗೂ ಮೆಲ್ಕಾರಿನವನಿಗೂ ಹೇಳಿದೆ. ತಮಾಷೆಯ ಸಂಗತಿಯೊಂದನ್ನು ಹೇಳುವ ಹಾಗೆ ಹೇಳಿದೆ.

ಅಣ್ಣ ತಿನ್ನುವುದನ್ನು ನಿಲ್ಲಿಸಿದ. “ಹಾಗಾದರೆ ಬೆಂಕಿಯೇ. ಅವರಿಗೆ ಮೊದಲೇ ಹೇಳುದು ಬೇಡ. ಹೇಳಿದರೆ ಮೋರೆಯಲ್ಲಿ ಎಂಥದೂ ಬರ್ಲಿಕ್ಕಿಲ್ಲ. ನಟನೆ ಗೊತ್ತಿಲ್ಲ ಅವರಿಗೆ.”

“ಬೇಡ ಮಾರಾಯ,” ಎಂದ ಮೆಲ್ಕಾರಿನವ. “ಎಲ್ಲಿಯಾದರೂ ಜೀವಕ್ಕೆ ಎಂಥದಾದರೂ ಆದರೆ?”

“ತಾಗಿಸುದು ಅಲ್ಲವಾ. ಬರೀ ತೋರಿಸುದು.”

ಇಬ್ಬರೂ ನನ್ನ ಕಡೆ ನೋಡಿದರು. ಬೇಡ ಎನ್ನಬಹುದಿತ್ತು, ನಾನು ಬೇಡ ಎಂದಿದ್ದರೆ ಅಣ್ಣ ಬಿಡುತ್ತಿದ್ದ. ನಾನು ಕೇಳಿದ್ದು, “ಎಷ್ಟು ಹತ್ತಿರ ಹಿಡಿಯಬೇಕು?”

ಸಂಜೆ ಬಿಸಿಲು ಇಳಿಯುವ ಹೊತ್ತು. ಒಣಗಿದ ತೆಂಗಿನ ಗರಿಗಳನ್ನು ಪಂಜಿನ ಹಾಗೆ ಕಟ್ಟಿ ಸೂಟೆ ಮಾಡಿ ಜೀಪಿನ ಹಿಂದೆ ಇಟ್ಟುಕೊಂಡೆವು. ಬಾವಿಯಣ್ಣನಿಗೆ ಅಣ್ಣ ಹೇಳಿದ್ದು ಇಷ್ಟು: ಕೆಸರಿನಿಂದ ಎದ್ದು ಬನ್ನಿ, ಜೀಪಿನ ಹತ್ತಿರ ಬಂದು ಹುಡುಗಿಯನ್ನು ಹುಡುಕಿ, ಹುಡುಗಿ ತಳ್ಳುತ್ತಾಳೆ, ನೀವು ಬೀಳಬೇಕು. “ಟೀಚರ್‌ಗೆ ಕತ್ತಿ ತಾಗದ ಹಾಗೆ ಬೀಳ್ತೇನೆ,” ಎಂದು ಅವರು ಎರಡು ಸಲ ಬಿದ್ದು ತೋರಿಸಿದರು.

ಅವರು ಎದ್ದು ಬಂದರು. ಜೀಪಿನ ಹಿಂದೆ ಮೆಲ್ಕಾರಿನವ ಲೈಟರಿನಿಂದ ಸೂಟೆಗೆ ಕಿಡಿ ತಾಗಿಸಿ ನನ್ನ ಕೈಗೆ ಕೊಟ್ಟ. ಬಾವಿಯಣ್ಣ ಮಡ್‌ಗಾರ್ಡಿನ ಪಕ್ಕ ಬಾಗಿದ ಕೂಡಲೇ ನಾನು ಎದ್ದು ಅದನ್ನು ಅವರ ಮುಖದ ಎದುರಿಗೆ ತಂದೆ. ಒಂದು ಮೊಳ ದೂರ ಇದ್ದಿರಬಹುದು.

ಅವರ ಬಾಯಿ ತೆರೆಯಿತು, ಶಬ್ದ ಬರಲಿಲ್ಲ. ಕತ್ತಿ ಕೈಯಿಂದ ಜಾರಿತು. ಆಮೇಲೆ ಬಂದ ಕೂಗು ಆ ಎದೆಯಿಂದ ಬರುವಂಥದ್ದಲ್ಲ, ಸಣ್ಣ ಮಗುವಿನ ದನಿ. “ಅಪ್ಪೇ!” ತುಳುವಿನಲ್ಲಿ ಅಮ್ಮ ಎಂದು. ಹಿಮ್ಮುಖವಾಗಿ ಕೆಸರಿಗೆ ಬಿದ್ದರು. ಅಣ್ಣ ಕ್ಯಾಮರಾದ ಹಿಂದಿನಿಂದ ಮುಂದೆ ಹೋಗು ಎಂದು ಕೈ ಬೀಸಿದ. ನಾನು ಬಾಗಿ ಮತ್ತೆ ಹತ್ತಿರ ತಂದೆ. ಅವರು ಎರಡೂ ಕೈಗಳಿಂದ ಕೆಸರು ಬಾಚಿ ಬಾಚಿ ತಮ್ಮ ಮುಖಕ್ಕೆ ಬಳಿದುಕೊಳ್ಳತೊಡಗಿದರು, “ಅಪ್ಪೇ, ಅಪ್ಪೇ” ಎನ್ನುತ್ತ. ಅಣ್ಣನಿಗೆ ಬೇಕಾದದ್ದು ಸಿಕ್ಕಿಯಾಗಿತ್ತು, ಅವನು ಕೈ ಕೆಳಗಿಳಿಸಿದ್ದ. ಯಾರೂ ಹೇಳದೆ ನಾನು ಮೂರನೆಯ ಸಲ ಸೂಟೆಯನ್ನು ಚಾಚಿದೆ. ಅವರು ತೆವಳುತ್ತ ಕೇದಗೆಯ ಪೊದೆಯೊಳಗೆ ತಲೆ ತೂರಿಸಿದರು. ಮುಳ್ಳು ಬೆನ್ನಿಗೆ ಗೀರುತ್ತಿದ್ದದ್ದು ಅವರಿಗೆ ತಿಳಿಯಲಿಲ್ಲ.

ಸೂಟೆಯನ್ನು ನೀರಿಗೆ ಹಾಕಿದ ಮೇಲೆ ನಾವು ಮೂವರೂ ನಕ್ಕೆವು. ಹೆದರಿಕೆಯಿಂದ ಬಂದ ನಗು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಹಾಗೇನೂ ಇರಲಿಲ್ಲ.

ಬಹಳ ಹೊತ್ತಿನ ನಂತರ ಬಾವಿಯಣ್ಣ ಎದ್ದು, ಹೊಳೆಯಲ್ಲಿ ಮುಳುಗಿ, ಬೇರೆ ಮುಂಡು ಉಟ್ಟು ಬಂದರು. ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಎದುರು ನಿಂತು, “ತಪ್ಪಾಯ್ತು ಟೀಚರ್. ನೀವು ತಳ್ಳುವ ಮೊದಲೇ ಬಿದ್ದುಬಿಟ್ಟೆ. ಹಾಳಾಯ್ತಾ ಶೂಟಿಂಗು?” ಎಂದರು.

“ಇಲ್ಲ, ಒಳ್ಳೆದಾಯ್ತು,” ಎಂದೆ.

ಒಂದು ತಿಂಗಳ ನಂತರ ಭಾನುವಾರ ಮಧ್ಯಾಹ್ನ ನಮ್ಮ ಕಡೆಯ ಕೇಬಲಿನಲ್ಲಿ ಅದು ಬಂತು. ಬಾವಿಯಣ್ಣನ ಮನೆಯಲ್ಲಿ ಟಿ.ವಿ. ಇರಲಿಲ್ಲ. ಪಕ್ಕದ ಮನೆಯ ಚಾವಡಿಯಲ್ಲಿ ಅವರು ನೆರೆಯವರನ್ನೆಲ್ಲ ಸೇರಿಸಿದ್ದರು, ನನ್ನನ್ನೂ ಕರೆದಿದ್ದರು. ನಾನು ಹೀರೋಯಿನ್ ಎಂದು ಒಂದೇ ಇದ್ದ ಬೆತ್ತದ ಕುರ್ಚಿ ನನಗೆ. ಅವರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ನೆಲದಲ್ಲಿ ಕೂತಿದ್ದರು, ಮಗಳು ಅವರಿಗೆ ಒರಗಿಕೊಂಡು. ಸುಟ್ಟ ಕೆನ್ನೆ ಟಿ.ವಿ.ಯಲ್ಲಿ ದೊಡ್ಡದಾಗಿ ಬಂದಾಗ ಒಂದು ಮಗು ಅತ್ತಿತು, ಉಳಿದವರು ಚಪ್ಪಾಳೆ ತಟ್ಟಿದರು. ಅವರಿಗೂ ಖುಷಿಯಾಯಿತು. “ಇಲ್ಲಿ ಮೂಗಿನವರೆಗೆ ಮುಳುಗಿದ್ದೆ, ನೋಡಿ ನೋಡಿ,” ಎನ್ನುತ್ತಿದ್ದರು.

ಕೊನೆಯ ದೃಶ್ಯಕ್ಕೆ ಅಣ್ಣ ಏನು ಮಾಡಿದ್ದಾನೆ ಎಂದು ನಾನು ಸ್ಟುಡಿಯೊದಲ್ಲೇ ನೋಡಿದ್ದೆ. ಆ ಕೂಗನ್ನು ನಾಲ್ಕು ಸಲ ತಿರುಗಿಸಿ ತಿರುಗಿಸಿ ಹಾಕಿದ್ದ, ನಡುವೆ ಆಡಿನ ಬ್ಯಾ ಬ್ಯಾ ಸೇರಿಸಿದ್ದ. ಕೆಸರು ಬಳಿದುಕೊಳ್ಳುವುದನ್ನು ವೇಗವಾಗಿ ಓಡಿಸಿ ಹಿಂದೆ ಬ್ಯಾಂಡಿನವರ ಸಂಗೀತ ಕೊಟ್ಟಿದ್ದ. ಚಾವಡಿಯಲ್ಲಿ ನಗೆ ಸಿಡಿಯಿತು. ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬಾವಿಯಣ್ಣ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಸ್ವಲ್ಪ ತಡವಾಗಿ, ತಾನೂ ನಕ್ಕರು. ಮಗಳು ನಗಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. ತನ್ನ ಪ್ರಬಂಧವನ್ನು ಓದಿದವರು ನಾನೊಬ್ಬಳೇ ಎಂಬುದು ಆ ಹನ್ನೊಂದು ವರ್ಷದ ತಲೆಗೆ ಆಗಲೇ ಹೊಳೆದಿತ್ತು.

ಆ ಕೂಗು ಊರಿನಿಂದ ಊರಿಗೆ ಹೋಯಿತು. ಜನ ಕೇಳಿದ್ದರೆಂದು ಕೇಬಲಿನವರು ಇನ್ನೆರಡು ಸಲ ಹಾಕಿದರು. ಸಿದ್ಧಕಟ್ಟೆಯಲ್ಲಿ ಬಾವಿಯಣ್ಣ ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ “ಅಪ್ಪೇ!” ಎಂದು ಯಾರಾದರೂ ಕೂಗುತ್ತಿದ್ದರು. ಮೆಲ್ಕಾರಿನಲ್ಲಿ ಆಟೊದವರು ಕೂಗುತ್ತಿದ್ದರು. ಬೀಡಿ ಸೇದುವವರು ಕಡ್ಡಿ ಗೀರಿ ಅವರ ಮುಖದ ಹತ್ತಿರ ತಂದು ನೋಡುತ್ತಿದ್ದರು. ಅಷ್ಟು ವರ್ಷ ಮುಚ್ಚಿಟ್ಟದ್ದು ಈಗ ಎಲ್ಲರಿಗೂ ಗೊತ್ತಿತ್ತು.

ನನ್ನ ತರಗತಿಯಲ್ಲಿ ಆದದ್ದನ್ನು ಹೇಳಬೇಕು. ನಾನು ಬೋರ್ಡಿನಲ್ಲಿ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ. ಥೇಟು ಅದೇ ಕೂಗು, ಆಡಿನ ಬ್ಯಾ ಸಮೇತ. ಅದು ಎಷ್ಟು ಸರಿಯಾಗಿತ್ತೆಂದರೆ ಬೋರ್ಡಿನ ಕಡೆ ತಿರುಗಿದ್ದ ನನಗೆ ನಗು ಬಂದುಬಿಟ್ಟಿತು. ಭುಜ ಕುಲುಕಿದ್ದು ಮಕ್ಕಳಿಗೆ ಕಂಡಿತು. ಟೀಚರೇ ನಗುತ್ತಿದ್ದಾರೆ ಎಂದಾದ ಮೇಲೆ ಮಕ್ಕಳಿಗೆ ತಡೆಯೆಲ್ಲಿ? ಇಡೀ ತರಗತಿ ಕೂಗಿತು. ನಾನು ತಿರುಗಿದಾಗ ಬಾವಿಯಣ್ಣನ ಮಗಳು ಪುಸ್ತಕವನ್ನು ಚೀಲಕ್ಕೆ ಹಾಕುತ್ತಿದ್ದಳು. ಒಂದೊಂದೇ, ನಿಧಾನವಾಗಿ. ನಾನು ಯಾರನ್ನೂ ಗದರಲಿಲ್ಲ. ಗದರಿದ್ದರೂ ಯಾರೂ ನಂಬುತ್ತಿರಲಿಲ್ಲ.

ಮರುದಿನ ಬಾವಿಯಣ್ಣ ಶಾಲೆಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ನಿಂತರು.

“ಟೀಚರ್, ಒಂದು ಮಾತು ಕೇಳ್ಲಿಕ್ಕಿತ್ತು. ಆ ಕೊನೆಯ ಚೂರು ತೆಗೀಲಿಕ್ಕೆ ಆಗ್ತದಾ? ಬಾಕಿ ಎಲ್ಲ ಇರಲಿ. ನಾನು ಕಡಿಯುದೆಲ್ಲ ಇರಲಿ. ಅದೊಂದು.”

“ಅಣ್ಣನ ಹತ್ರ ಹೇಳ್ತೇನೆ.”

“ನನಗಾಗಿ ಅಲ್ಲ. ಇವಳು ರಾತ್ರಿ ಊಟ ಮಾಡ್ತಾ ಇಲ್ಲ.”

ಅಣ್ಣನಲ್ಲಿ ಹೇಳಿದೆ. “ಅದೊಂದೇ ಅಲ್ಲವಾ ಇಡೀ ಸಿನಿಮಾದಲ್ಲಿ ಒಳ್ಳೆದಿರುದು?” ಎಂದ ಅಣ್ಣ. ನಾನು ಹೌದು ಎಂದೆ. ಬಾವಿಯಣ್ಣನಿಗೆ ಉತ್ತರ ಕೊಡಲಿಲ್ಲ, ಅವರೂ ಮತ್ತೆ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಬಂಟ್ವಾಳದ ಆಚೆ ಒಂದು ಮನೆಯಲ್ಲಿ ಅವರು ಹೂಳು ತೆಗೆಯಲು ಬಾವಿಗೆ ಇಳಿದಿದ್ದರು. ಕೆಲಸ ಮುಗಿಸಿ ಹಗ್ಗ ಹಿಡಿದು ಅರ್ಧ ಹತ್ತಿದ್ದಾಗ ಆ ಮನೆಯ ಪ್ರಾಯದ ಹುಡುಗರೂ ರಜೆಗೆ ಬಂದ ನೆಂಟರೂ ಹಳೆಯ ಪೇಪರಿಗೆ ಬೆಂಕಿ ಕೊಟ್ಟು ಮೇಲಿನಿಂದ ಬಿಟ್ಟರು. ಆ ಕೂಗನ್ನು ಬಾವಿಯೊಳಗಿನಿಂದ ಕೇಳಬೇಕಿತ್ತಂತೆ ಅವರಿಗೆ. ಕೇಳಿತು. ಬಾವಿಯಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹಗ್ಗ ಬಿಟ್ಟುಹೋಯಿತು. ಕೆಳಗೆ ಮೊಣಕಾಲು ನೀರು, ಅದರ ಅಡಿಯಲ್ಲಿ ಕಲ್ಲು. ಸೊಂಟದ ಎಲುಬು ಮುರಿಯಿತು.

ತಮಾಷೆಗೆ ಮಾಡಿದ್ದು ಎಂದು ಆ ಮನೆಯವರು ಹೇಳಿದರು. ಕೇಸು ಆಗಲಿಲ್ಲ. ಸುದ್ದಿ ಕೇಳಿದ ದಿನ ಅಣ್ಣ ಸ್ಟುಡಿಯೊದಲ್ಲಿ ಒಂದು ಮದುವೆಯ ವಿಡಿಯೊ ಜೋಡಿಸುತ್ತಿದ್ದ. ಪರದೆಯಿಂದ ಕಣ್ಣು ತೆಗೆಯದೆ, “ನಾವು ಹಾಕಿದ್ದಾ ಬೆಂಕಿ?” ಎಂದು ಕೇಳಿದ. ಮೆಲ್ಕಾರಿನವ ಮಾತ್ರ ಆಸ್ಪತ್ರೆಗೆ ಹೋಗಿ ಬಂದ. ಏನಾಯಿತೆಂದು ನಮಗೆ ಹೇಳಲಿಲ್ಲ. ಸ್ಟುಡಿಯೊಗೆ ಬರುವುದನ್ನು ಬಿಟ್ಟ, ಕ್ಯಾಮರಾವನ್ನೂ ವಾಪಸು ಕೇಳಲಿಲ್ಲ. ಆ ವರ್ಷವೇ ಅವನೂ ಗಲ್ಫಿಗೆ ಹೋದ. ನಾನು ಆಸ್ಪತ್ರೆಗೆ ಹೋಗಲಿಲ್ಲ. ಪರೀಕ್ಷೆಯ ಪೇಪರು ತಿದ್ದಲಿಕ್ಕಿತ್ತು.

ಜೂನಿನಲ್ಲಿ ಬಾವಿಯಣ್ಣನ ಹೆಂಡತಿ ಮಗಳ ಟಿ.ಸಿ. ಕೇಳಿಕೊಂಡು ಬಂದರು. ನಾನು ಆಫೀಸಿನಲ್ಲೇ ಇದ್ದೆ.

“ಇವಳಿಗೆ ಶಾಲೆ ಬೇಡ ಅಂತ ಅನಿಸ್ತಾ ಉಂಟಾ?” ಎಂದು ಮುಖ್ಯೋಪಾಧ್ಯಾಯರು ಕೇಳಿದರು.

“ಶಾಲೆ ಬೇಕು ಸರ್, ಕಲೀತಾಳೆ,” ಎಂದರು ಆಕೆ. “ಈ ಶಾಲೆ ಬೇಡ.” ನನ್ನ ಕಡೆ ನೋಡಲಿಲ್ಲ.

ಆರೇಳು ವರ್ಷ ಕಳೆಯಿತು. ನಾನು ಮದುವೆಯಾಗಿ ಬೆಳ್ತಂಗಡಿಗೆ ಬಂದಿದ್ದೆ. ಕಾಯಂ ನೌಕರಿಯೂ ಸಿಕ್ಕಿತ್ತು. ಒಂದು ದಿನ ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಎದುರು ಸಾಲಿನಲ್ಲಿ ಬಾವಿಯಣ್ಣನ ಹೆಂಡತಿಯನ್ನು ಕಂಡೆ. ಅವರು ತವರಿನ ಕಡೆ ಬಂದು ನೆಲೆಸಿದ್ದಾರೆಂದು ಬೇರೆಯವರಿಂದ ತಿಳಿಯಿತು. ಮನೆ ಎಲ್ಲೆಂದು ವಿಚಾರಿಸಿ ಮುಂದಿನ ಭಾನುವಾರ ಬೇಕರಿಯಿಂದ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋದೆ. ಕ್ಷಮೆ ಕೇಳಬೇಕು ಎಂದು ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ.

ಬಾವಿಯಣ್ಣ ಜಗಲಿಯಲ್ಲಿ ಗೋಡೆಗೆ ಒರಗಿ, ಮಡಿಲಲ್ಲಿ ಮೊರದಂಥ ಸೂಪು ಇಟ್ಟು ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಊರುಗೋಲು. ನಮ್ಮ ಕಡೆ ಗಂಡಸರು ಬೀಡಿ ಕಟ್ಟುವುದು ಕಡಿಮೆ. ನನ್ನನ್ನು ಗುರುತಿಸಿ, “ಬನ್ನಿ ಟೀಚರ್, ಕೂತ್ಕೊಳ್ಳಿ,” ಎಂದರು. ಹೆಂಡತಿ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು.

ನಾನು ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಆಗ ಸಣ್ಣ ಪ್ರಾಯ, ಬುದ್ಧಿ ಇರಲಿಲ್ಲ, ಅಣ್ಣ ಹೇಳಿದ್ದಕ್ಕೆ ಮಾಡಿದೆ. ಅವರು ಎಲೆ ಕತ್ತರಿಸುತ್ತ ಕೇಳಿದರು.

“ಅಣ್ಣ ಹೇಳಿದ್ದು ಎರಡು ಸಲ,” ಎಂದರು. “ಮೂರನೇದ್ದು ಯಾರೂ ಹೇಳ್ಲಿಲ್ಲ. ನಾನು ಪೊದೆಗೆ ಹೋಗುವ ಮೊದಲು ನಿಮ್ಮ ಮೋರೆ ನೋಡಿದ್ದೆ. ಅದು ಯಾಕೆ ಟೀಚರ್?”

ಸುಳ್ಳು ಹೇಳಬಹುದಿತ್ತು. “ನನಗೆ ಆಗ ಖುಷಿಯಾಗ್ತಾ ಇತ್ತು,” ಎಂದೆ.

ಅವರು ತಲೆಯಾಡಿಸಿದರು. “ಹಾಂ. ನನಗೂ ಹಾಗೆಯೇ ಕಂಡದ್ದು.” ಕಟ್ಟಿದ ಬೀಡಿಯ ತುದಿಯನ್ನು ಉಗುರಿನಿಂದ ಮಡಚಿ ಸೂಪಿಗೆ ಹಾಕಿ ಇನ್ನೊಂದು ಎಲೆ ತೆಗೆದುಕೊಂಡರು. ನನಗೆ ಅಲ್ಲಿ ಬೇರೆ ಕೆಲಸ ಇರಲಿಲ್ಲ, ಆದರೂ ಏಳಲು ಆಗಲಿಲ್ಲ. ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ.

ಅಷ್ಟರಲ್ಲಿ ಕೆಳಗಿನ ದಾರಿಯಿಂದ ಮಗಳು ಬಂದಳು. ಉದ್ದಕ್ಕೆ ಬೆಳೆದಿದ್ದಳು, ಕಾಲೇಜಿನ ಚೀಲ ಹೆಗಲಲ್ಲಿತ್ತು, ಎಲ್ಲೋ ಕ್ಲಾಸಿಗೆ ಹೋಗಿ ಬಂದಿರಬೇಕು. ನನ್ನನ್ನು ಕಂಡು ನಿಂತಳು. ಆಮೇಲೆ ಎರಡೂ ಕೈ ಜೋಡಿಸಿ, ನಾನೇ ಆರನೆಯ ತರಗತಿಯಲ್ಲಿ ಕಲಿಸಿದ ಹಾಗೆ, “ನಮಸ್ತೇ ಟೀಚರ್,” ಎಂದಳು. ಅವಳು ಅಪ್ಪನ ಪಕ್ಕದಿಂದ ಊರುಗೋಲನ್ನು ಎತ್ತಿ ಗೋಡೆಗೆ ಸರಿಯಾಗಿ ಒರಗಿಸಿಟ್ಟು ಒಳಗೆ ಹೋದಳು.

ಅಡುಗೆಮನೆಯಿಂದ ಅವಳ ದನಿ ಕೇಳಿತು. ತಗ್ಗಿಸಿ ಮಾತಾಡಬೇಕೆಂದು ಅವಳಿಗೆ ಅನಿಸಲಿಲ್ಲ.

“ಅಮ್ಮ, ಇವರು ಇನ್ನೂ ಹೋಗ್ಲಿಲ್ವಾ?”

ನಾನು ಎದ್ದೆ. ಬಾವಿಯಣ್ಣ ತಲೆಯೆತ್ತದೆ, “ಬಸ್ಸು ಐದು ಗಂಟೆಗೆ ಉಂಟು ಟೀಚರ್. ಈಗ ನಡೆದರೆ ಸಿಕ್ತದೆ,” ಎಂದರು.